ಒಂದು ಗುಳಿಗೆ, ಹಲವು ಬೊಕ್ಕಸ: ಮುಂಬಯಿಯ ಆರೋಗ್ಯ ವೆಚ್ಚದ ಜಾಡು ಹಿಡಿಯುವುದು ಹೇಗೆ?

ಮಾಟುಂಗಾದಲ್ಲಿರುವ ನಮ್ಮ ಕಟ್ಟಡದ ಎರಡು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಕಲಬುರಗಿ ಕಡೆಯ ತಾಯಿಯೊಬ್ಬರಿಗೆ ಕ್ಷಯ ತಗಲಿದಾಗ, ಭಾಷೆಯ ತೊಡಕಾಗದಿರಲೆಂದು ನಾನೂ ಅವರೊಂದಿಗೆ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದೆ. ಅವರ ಮನೆ ಧಾರಾವಿಯಲ್ಲಿ. ಕಫ ಪರೀಕ್ಷೆಯಾಗಿ, ಎಕ್ಸ್‌ರೇ ತೆಗೆಸಿ, ತೂಕ ನೋಡಿ, ಹೆಸರು ಬರೆದುಕೊಂಡು, ಗುಳಿಗೆಯ ಪಟ್ಟಿಗಳನ್ನು ಕೈಗಿತ್ತಾಗ ಅವರು ಅವನ್ನು ಹಿಂದೆ ಮುಂದೆ ತಿರುವಿ ನೋಡಿ, "ಅಕ್ಕಾರ, ಈ ಗುಳಗಿ ಯಾರ ರೊಕ್ಕದ್ದರಿ?" ಎಂದು ಕೇಳಿದರು. ಸರಕಾರದ್ದು ಎಂದುಬಿಟ್ಟೆ. ಯಾವ ಸರಕಾರದ್ದು ಎಂದು ಅವರು ಮರುಪ್ರಶ್ನೆ ಹಾಕಿದ್ದರೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಕುಳಿತು ಓದಿ, ಕೇಳಿ, ತಿಳಿದದ್ದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ. ಏಕೆಂದರೆ ಈ ನಗರದಲ್ಲಿ ತೆರಿಗೆ ಕಟ್ಟುವ, ಇಲ್ಲಿನ ಆಸ್ಪತ್ರೆಗಳ ಸಾಲಿನಲ್ಲಿ ನಿಲ್ಲುವ ಲಕ್ಷಾಂತರ ಕನ್ನಡಿಗರಿಗೆ ಈ ಪ್ರಶ್ನೆ ಸಂಬಂಧಪಟ್ಟದ್ದು.

ಆ ತಾಯಿಯ ಚಿಕಿತ್ಸೆಯನ್ನೇ ತೆಗೆದುಕೊಳ್ಳೋಣ. ಗುಳಿಗೆಗಳನ್ನು ಸಾಮಾನ್ಯವಾಗಿ ಕೇಂದ್ರ ಸರಕಾರ ಒಟ್ಟಾಗಿ ಖರೀದಿಸಿ ರಾಜ್ಯಗಳಿಗೆ ಕಳಿಸುತ್ತದೆ. ಅವು ಸರಕಾಗಿ ಬರುತ್ತವೆಯೇ ಹೊರತು ಹಣವಾಗಿ ಅಲ್ಲ. ಹೆಸರು ಬರೆದುಕೊಂಡು ಪ್ರತಿ ತಿಂಗಳು ವಿಚಾರಿಸುವ ಮೇಲ್ವಿಚಾರಕರಂಥ ಹಲವರು ಗುತ್ತಿಗೆ ನೌಕರರು; ಅವರ ಸಂಬಳ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ, ಕೇಂದ್ರ 60 ಪಾಲು, ರಾಜ್ಯ 40 ಪಾಲು ಹಾಕುವ ನಿಧಿಯಿಂದ ಬರುತ್ತದೆ. ಪಾಲಿಕೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಆ ಯಂತ್ರ, ವಿದ್ಯುತ್ತು, ತಂತ್ರಜ್ಞರ ಸಂಬಳ ಎಲ್ಲವೂ ಮುಂಬಯಿ ಮಹಾನಗರಪಾಲಿಕೆಯದು. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುವ ನಿಕ್ಷಯ್ ಪೋಷಣ್ ಯೋಜನೆಯ ಹಣ, 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿಯಾಗಿ ಆರಂಭವಾಗಿ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಇದು ಆರೋಗ್ಯ ಕೇಂದ್ರದ ಲೆಕ್ಕಪುಸ್ತಕವನ್ನು ಮುಟ್ಟದೆ ಸಾಗುವ ಹಣ. 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಏರ್ಪಾಡಿನಲ್ಲಿ ದಾನಿಗಳು ಕೊಡುವ ಬೇಳೆ, ಎಣ್ಣೆ, ಧಾನ್ಯದ ಬುಟ್ಟಿ ಯಾವ ಸರಕಾರದ್ದೂ ಅಲ್ಲ. ಕೊನೆಯದಾಗಿ ಬಸ್ಸಿನ ಟಿಕೆಟ್ಟು, ರಜೆ ಹಾಕಿದ ದಿನಗಳ ಕೂಲಿ, ರೋಗ ಯಾವುದೆಂದು ತಿಳಿಯುವ ಮುನ್ನ ಗಲ್ಲಿಯ ಡಾಕ್ಟರರಿಗೆ ಕೊಟ್ಟ ಫೀಸು: ಇವು ಆ ತಾಯಿಯ ಸೆರಗಿನ ಗಂಟಿನಿಂದ ಹೋದವು.

ಒಬ್ಬ ರೋಗಿ, ಆರು ತಿಂಗಳ ಚಿಕಿತ್ಸೆ, ಕನಿಷ್ಠ ಐದು ಬೊಕ್ಕಸ. ಇದನ್ನೆಲ್ಲ ಒಂದೇ ಪುಟದಲ್ಲಿ ಕೂಡಿಸಿ ತೋರಿಸುವ ಲೆಕ್ಕ ಯಾವ ಕಚೇರಿಯಲ್ಲಿಯೂ ಇಲ್ಲ. ವಿಕೇಂದ್ರೀಕೃತ ವ್ಯವಸ್ಥೆಯಲ್ಲಿ ಆರೋಗ್ಯದ ಹಣವನ್ನು ಹಿಂಬಾಲಿಸುವುದು ಕಷ್ಟವೇಕೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಅಧಿಕಾರ ಯಾರದು, ಹಣ ಯಾರದು

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯಪಟ್ಟಿಯಲ್ಲಿವೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಸಾರ್ವಜನಿಕ ಆರೋಗ್ಯವನ್ನೂ ಹೆಸರಿಸಿತು. ವಹಿಸಬಹುದು ಎಂದಷ್ಟೇ ಹೇಳಿತು; ಎಷ್ಟು ವಹಿಸಬೇಕು, ಅದರೊಂದಿಗೆ ಎಷ್ಟು ಹಣ ಹೋಗಬೇಕು ಎಂಬುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಮುಂಬಯಿ ಈ ವಿಷಯದಲ್ಲಿ ಬಹುಪಾಲು ಊರುಗಳಿಗಿಂತ ಭಿನ್ನ. ಇಲ್ಲಿನ ಪಾಲಿಕೆಯ ಕಾಯಿದೆ 1888ರದು; ಸಾರ್ವಜನಿಕ ಆಸ್ಪತ್ರೆಗಳನ್ನು ನಡೆಸುವುದು ಅದರ ಪ್ರಕಾರ ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲೊಂದು. ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹೂವಿನ ಕೂಪರ್ ಆಸ್ಪತ್ರೆಗಳು, ಉಪನಗರಗಳ ಸಣ್ಣ ಆಸ್ಪತ್ರೆಗಳು, ಶಿವಡಿಯ ಕ್ಷಯರೋಗ ಆಸ್ಪತ್ರೆ, ಸಾಂಕ್ರಾಮಿಕ ರೋಗಗಳ ಕಸ್ತೂರ್ಬಾ, ವಾರ್ಡುಗಳ ದವಾಖಾನೆ ಮತ್ತು ಹೆಲ್ತ್ ಪೋಸ್ಟ್‌ಗಳು ಪಾಲಿಕೆಯವು. ಆದರೆ ಬೈಕಲಾದ ಜೆ.ಜೆ. ಆಸ್ಪತ್ರೆ ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆಯದು. ಪರೇಲಿನಲ್ಲಿ ಕೆ.ಇ.ಎಂ.ನ ಎದುರಿಗೇ ನಿಂತಿರುವ ಟಾಟಾ ಮೆಮೋರಿಯಲ್ ಕೇಂದ್ರದ ಅಣುಶಕ್ತಿ ಇಲಾಖೆಯ ಅನುದಾನದಲ್ಲಿ ನಡೆಯುತ್ತದೆ. ರೈಲ್ವೆಯ ಆಸ್ಪತ್ರೆಗಳು ರೈಲ್ವೆಯವು, ಕಾರ್ಮಿಕರ ರಾಜ್ಯವಿಮೆಯ ಆಸ್ಪತ್ರೆಗಳು ಆ ನಿಗಮದವು, ಕೊಲಾಬಾದ ಅಶ್ವಿನಿ ನೌಕಾದಳದ್ದು.

ಇವುಗಳ ನಡುವಿನ ಗೆರೆ ರೋಗಿಗೆ ಕಾಣುವುದಿಲ್ಲ, ಆದರೆ ಅದರ ಪರಿಣಾಮ ತಟ್ಟುತ್ತದೆ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಯಿತು. ಆ ಸುದ್ದಿ ಓದಿದ ಅನೇಕರು ಮುಂಬಯಿಯ ಎಲ್ಲ ಸರಕಾರಿ ಆಸ್ಪತ್ರೆಗಳೂ ಉಚಿತವಾದವೆಂದೇ ತಿಳಿದರು. ಆ ಆದೇಶ ಆ ಒಂದು ಇಲಾಖೆಯ ಆಸ್ಪತ್ರೆಗಳಿಗೆ ಮಾತ್ರ. ಪಾಲಿಕೆಯ ಆಸ್ಪತ್ರೆಗಳು ಬೇರೆ, ವೈದ್ಯಕೀಯ ಕಾಲೇಜಿನವು ಬೇರೆ. ಕೇಸ್ ಪೇಪರಿನ ಮೇಲಿರುವ ಲಾಂಛನ ಯಾರದೆಂದು ನೋಡುವುದು ಹಣದ ಜಾಡು ಹಿಡಿಯುವ ಮೊದಲ ಪಾಠ.

ಇನ್ನು ಪಾಲಿಕೆಗೆ ಹಣ ಎಲ್ಲಿಂದ ಬರುತ್ತದೆ? ಆಸ್ತಿ ತೆರಿಗೆ ಎಲ್ಲರಿಗೂ ಗೊತ್ತು. ಹಿಂದೆ ಅದಕ್ಕಿಂತ ದೊಡ್ಡ ಆದಾಯ ಜಕಾತಿಯದಾಗಿತ್ತು, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯದು; ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಹಳಬರು ಮರೆತಿರಲಾರರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಜಕಾತಿ ಹೋಯಿತು. ಅದರ ಬದಲಿಗೆ ವರ್ಷಕ್ಕೆ ಶೇ 8ರಂತೆ ಏರುವ ಪರಿಹಾರವನ್ನು ಕೊಡಲು ರಾಜ್ಯ ಸರಕಾರ ಕಾಯಿದೆಯನ್ನೇ ಮಾಡಿತು. ಈಗ ಒಂದು ಪ್ರಶ್ನೆ: ಆ ಪರಿಹಾರದ ಒಂದಂಶ ಪಾಲಿಕೆಯ ಆಸ್ಪತ್ರೆಯ ನರ್ಸಿನ ಸಂಬಳವಾದರೆ ಅದನ್ನು ರಾಜ್ಯದ ಆರೋಗ್ಯ ವೆಚ್ಚ ಎನ್ನಬೇಕೇ, ಪಾಲಿಕೆಯದು ಎನ್ನಬೇಕೇ? ರಾಜ್ಯದ ಲೆಕ್ಕದಲ್ಲಿ ಅದು ಆರೋಗ್ಯವೇ ಅಲ್ಲ, ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಪರಿಹಾರ. ಪಾಲಿಕೆಯ ಲೆಕ್ಕದಲ್ಲಿ ಅದು ಸಾಮಾನ್ಯ ಆದಾಯ. ಆರೋಗ್ಯ ಎಂಬ ಹೆಸರು ಆ ಹಣಕ್ಕೆ ಅಂಟುವುದು ಖರ್ಚಾಗುವ ಕ್ಷಣದಲ್ಲಿ ಮಾತ್ರ.

ತೂಬು, ಕಾಲುವೆ, ಗದ್ದೆ

ಕೆರೆಯ ತೂಬಿನಲ್ಲಿ ಬಿಟ್ಟ ನೀರನ್ನು ಅಳೆದು, ಅದೇ ನೀರು ಕಾಲುವೆಯಲ್ಲಿ ಹರಿಯುವಾಗ ಮತ್ತೆ ಅಳೆದು, ಗದ್ದೆಗೆ ಬಿದ್ದಾಗ ಮೂರನೆಯ ಸಲ ಅಳೆದು, ಮೂರನ್ನೂ ಕೂಡಿಸಿ ಇಷ್ಟು ನೀರು ಕೊಟ್ಟೆವು ಎಂದು ಹೇಳುವವನನ್ನು ಯಾವ ರೈತನೂ ನಂಬುವುದಿಲ್ಲ. ಆರೋಗ್ಯದ ಹಣದಲ್ಲಿ ಇದು ದಿನನಿತ್ಯ ನಡೆಯುತ್ತದೆ, ಮತ್ತು ಹೆಚ್ಚಿನ ಸಲ ಯಾರ ಕೆಟ್ಟ ಉದ್ದೇಶವೂ ಇಲ್ಲದೆ ನಡೆಯುತ್ತದೆ. ಕೇಂದ್ರವು ನಗರ ಆರೋಗ್ಯ ಅಭಿಯಾನಕ್ಕೆ ಬಿಡುಗಡೆ ಮಾಡಿದ ಹಣ ಕೇಂದ್ರದ ಪುಸ್ತಕದಲ್ಲಿ ವೆಚ್ಚ. ಅದು ರಾಜ್ಯದ ಖಜಾನೆಗೆ ಬಂದು, ರಾಜ್ಯದ 40 ಪಾಲನ್ನು ಸೇರಿಸಿಕೊಂಡು, ಅಭಿಯಾನವನ್ನು ರಾಜ್ಯದಲ್ಲಿ ನಡೆಸುವ ರಾಜ್ಯ ಆರೋಗ್ಯ ಸೊಸೈಟಿಗೆ ಹೋದಾಗ ರಾಜ್ಯದ ಪುಸ್ತಕದಲ್ಲೂ ವೆಚ್ಚ. ಸೊಸೈಟಿಯಿಂದ ನಗರದ ಘಟಕಕ್ಕೆ, ಅಲ್ಲಿಂದ ವಾರ್ಡಿಗೆ ಇಳಿದು, ಒಬ್ಬ ದಾದಿಯ ಸಂಬಳವಾಗಿ ಪಾವತಿಯಾಗುವವರೆಗೆ ಅದೇ ರೂಪಾಯಿ ಮೂರು ನಾಲ್ಕು ಕಡೆ ಖರ್ಚು ಎಂದು ಬರೆಸಿಕೊಂಡಿರುತ್ತದೆ. ಅದಕ್ಕೆ ತದ್ವಿರುದ್ಧವಾಗಿ, ಕೇಂದ್ರ ಕಳಿಸಿದ ಕ್ಷಯದ ಗುಳಿಗೆಯ ಬೆಲೆ ಸ್ಥಳೀಯ ಪುಸ್ತಕದ ಯಾವ ಸಾಲಿನಲ್ಲೂ ಕಾಣಿಸುವುದಿಲ್ಲ. ಒಂದು ರೂಪಾಯಿ ಮೂರು ಸಲ ಎಣಿಸಲ್ಪಡುತ್ತದೆ, ಇನ್ನೊಂದು ಒಮ್ಮೆಯೂ ಎಣಿಕೆಗೆ ಬರುವುದಿಲ್ಲ.

ಎರಡನೆಯ ದೋಷ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದನ್ನು 2024ರ ಮಾರ್ಚ್ ತೋರಿಸಿಕೊಟ್ಟಿತು. ಕ್ಷಯದ ಔಷಧಗಳ ಕೇಂದ್ರ ಸರಬರಾಜಿನಲ್ಲಿ ಅಡಚಣೆಯಾದಾಗ, ಮೂರು ತಿಂಗಳ ಮಟ್ಟಿಗೆ ಸ್ಥಳೀಯವಾಗಿಯೇ ಕೊಂಡುಕೊಳ್ಳುವಂತೆ ಕೇಂದ್ರವು ರಾಜ್ಯಗಳಿಗೆ ಬರೆಯಿತು. ಹಾಗೆ ಕೊಂಡ ಕಡೆಯಲ್ಲೆಲ್ಲ ಆ ವರ್ಷದ ಸ್ಥಳೀಯ ಔಷಧ ವೆಚ್ಚ ಹೆಚ್ಚಾಗಿ ಕಾಣುತ್ತದೆ. ಅಂಕಿಯನ್ನಷ್ಟೇ ನೋಡುವವರು ಕ್ಷಯದ ಮೇಲೆ ಹೆಚ್ಚು ಖರ್ಚು ಮಾಡಿದರೆಂದು ಬರೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಗುಳಿಗೆ ಸಿಗದೆ ರೋಗಿಗಳು ಅಲೆದಾಡಿದ ವರ್ಷ.

ಈ ಗೊಂದಲವನ್ನು ಬಿಡಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯೂ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯೂ (ಒಇಸಿಡಿ) ಸೇರಿ 2011ರಲ್ಲಿ ಆರೋಗ್ಯ ಲೆಕ್ಕದ ಒಂದು ಚೌಕಟ್ಟನ್ನು ರೂಪಿಸಿದವು. ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳೂ ಅದನ್ನೇ ಅನುಸರಿಸುತ್ತವೆ. ಅದರ ತಿರುಳು ಸರಳ: ಪ್ರತಿ ರೂಪಾಯಿಗೂ ಬೇರೆ ಬೇರೆ ಪ್ರಶ್ನೆ ಕೇಳಬೇಕು. ಈ ಹಣ ಮೂಲತಃ ಯಾರ ಕೈಯಿಂದ ಹೊರಟಿತು? ಯಾವ ಏರ್ಪಾಡಿನ ಮೂಲಕ ಬಂತು, ಅದನ್ನು ನಿರ್ವಹಿಸಿದವರು ಯಾರು? ಯಾರು ಸೇವೆ ಒದಗಿಸಿದರು? ಏನನ್ನು ಒದಗಿಸಿದರು: ಹೊರರೋಗಿ ಚಿಕಿತ್ಸೆಯೋ, ಲಸಿಕೆಯೋ, ಔಷಧವೋ? ಈ ಎಲ್ಲ ಕೋಷ್ಟಕಗಳಲ್ಲೂ ಮೊತ್ತ ಒಂದೇ ಬರಬೇಕು. ಸೇವೆ ಬಳಕೆಯಾದ ಜಾಗದಲ್ಲಿ, ಅಂದರೆ ಗದ್ದೆಯಲ್ಲಿ, ಒಂದೇ ಸಲ ಅಳೆಯುವುದು ಈ ಪದ್ಧತಿಯ ನಿಯಮ. ತೂಬು ಮತ್ತು ಕಾಲುವೆಯ ಲೆಕ್ಕ ನೀರು ಎಲ್ಲಿ ಸೋರಿತೆಂದು ತಿಳಿಯುವುದಕ್ಕೆ ಮಾತ್ರ.

ಈ ಪದ್ಧತಿಯಲ್ಲಿ ಎಣಿಸಿದ 2021-22ರ ಅಂದಾಜಿನಂತೆ ದೇಶದ ಒಟ್ಟು ಆರೋಗ್ಯ ವೆಚ್ಚ 9,04,461 ಕೋಟಿ ರೂಪಾಯಿ; ಅದರಲ್ಲಿ ಸರಕಾರಗಳ ಪಾಲು ಶೇ 48, ಜನ ತಮ್ಮ ಜೇಬಿನಿಂದ ನೇರವಾಗಿ ತೆತ್ತದ್ದು ಶೇ 39.4. 2013-14ರಲ್ಲಿ ಜೇಬಿನ ಪಾಲು ಶೇ 64.2 ಇತ್ತು. ಇವು ಮಹತ್ವದ ಅಂಕಿಗಳು, ಆದರೆ ಪ್ರಕಟವಾದದ್ದು 2024ರ ಸೆಪ್ಟೆಂಬರ್‌ನಲ್ಲಿ; ದೇಶ ಮತ್ತು ದೊಡ್ಡ ರಾಜ್ಯಗಳ ಮಟ್ಟದಲ್ಲಿ ನಿಂತುಬಿಡುತ್ತವೆ. ಧಾರಾವಿಯಲ್ಲಿ ಎಷ್ಟು ಖರ್ಚಾಯಿತು ಎಂದು ಕೇಳುವವರಿಗೆ ಅವು ಉತ್ತರಿಸುವುದಿಲ್ಲ.

ಬಜೆಟ್ ಪುಸ್ತಕವನ್ನು ಓದುವಾಗ

ಹಾಗಾದರೆ ನಗರದ ಮಟ್ಟದ ಲೆಕ್ಕಕ್ಕೆ ಪಾಲಿಕೆಯ ಬಜೆಟ್ಟಿಗೇ ಹೋಗಬೇಕು. 2025-26ರ ಬಜೆಟ್ 74,427 ಕೋಟಿ ರೂಪಾಯಿಯದು. ಅದರಲ್ಲಿ ಆರೋಗ್ಯಕ್ಕೆ ಸುಮಾರು 7,380 ಕೋಟಿ, ಹತ್ತರಲ್ಲಿ ಒಂದು ಪಾಲಿನಷ್ಟು. ಇದನ್ನು 2011ರ ಜನಗಣತಿಯ 1.24 ಕೋಟಿ ಮುಂಬಯಿಗರಿಂದ ಭಾಗಿಸಿದರೆ ತಲಾ 5,900 ರೂಪಾಯಿ ದಾಟುತ್ತದೆ. ದೇಶದಲ್ಲಿ ಎಲ್ಲ ಸರಕಾರಗಳೂ ಸೇರಿ ಮಾಡಿದ ತಲಾ ವೆಚ್ಚ 2021-22ರಲ್ಲಿ 3,169 ರೂಪಾಯಿ. ಮುಂಬಯಿ ಪಾಲಿಕೆಯೊಂದೇ ದೇಶದ ಸರಾಸರಿಗಿಂತ ಎರಡು ಪಟ್ಟು ಹತ್ತಿರ ಖರ್ಚು ಮಾಡುತ್ತಿದೆ ಎಂಬ ತಲೆಬರಹ ತಕ್ಷಣ ಹೊಳೆಯುತ್ತದೆ. ನಾನೂ ಮೊದಲ ಸಲ ಹಾಗೆಯೇ ಬರೆದುಕೊಂಡಿದ್ದೆ. ಆದರೆ ಆ ಹೋಲಿಕೆ ನಿಲ್ಲುವುದಿಲ್ಲ.

ಮೊದಲನೆಯದಾಗಿ 7,380 ಕೋಟಿ ಎಂಬುದು ಅಂದಾಜು, ಖರ್ಚಲ್ಲ. ಮರಾಠಿಯಲ್ಲಿ 'ತರತೂದ್' ಎಂದು ಬರೆದದ್ದು ಮೀಸಲಿಟ್ಟ ಹಣ. 'ಸುಧಾರಿತ್ ಅಂದಾಜ್' ಎಂದರೆ ವರ್ಷದ ನಡುವೆ ತಿದ್ದಿದ ಅಂದಾಜು. 'ಪ್ರತ್ಯಕ್ಷ ಖರ್ಚ್' ಎಂದರೆ ನಿಜವಾಗಿ ಪಾವತಿಯಾದದ್ದು. ಒಂದು ವರ್ಷದ ಈ ಮೂರು ಅಂಕಿಗಳು ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. 2023-24ರ ಹಂಚಿಕೆ ಆ ವರ್ಷದ ಪುಸ್ತಕದಲ್ಲಿ, ತಿದ್ದಿದ ಅಂದಾಜು 2024-25ರ ಪುಸ್ತಕದಲ್ಲಿ, ಪ್ರತ್ಯಕ್ಷ ಖರ್ಚು 2025-26ರ ಪುಸ್ತಕದಲ್ಲಿ. ಮೂರು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಒಂದೇ ಲೆಕ್ಕಶೀರ್ಷಿಕೆಯ ಸಾಲಿನ ಮೇಲೆ ಬೆರಳಾಡಿಸಿದಾಗ ಮಾತ್ರ ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ ತಿಳಿಯುತ್ತದೆ. ಫೆಬ್ರವರಿಯ ಬಜೆಟ್ ಸುದ್ದಿಗೆ ಸಿಗುವ ಜಾಗದ ಹತ್ತನೆಯ ಒಂದು ಪಾಲಾದರೂ ಎರಡು ವರ್ಷಗಳ ನಂತರ ಬರುವ ಪ್ರತ್ಯಕ್ಷ ಖರ್ಚಿಗೆ ನಮ್ಮ ಪತ್ರಿಕೆಗಳಲ್ಲಿ ಸಿಗಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಎರಡನೆಯದಾಗಿ ಆ ಮೊತ್ತದಲ್ಲಿ ಸಂಬಳ, ಔಷಧದಂಥ ರಾಜಸ್ವ ವೆಚ್ಚವೂ ಹೊಸ ಕಟ್ಟಡದಂಥ ಬಂಡವಾಳ ವೆಚ್ಚವೂ ಒಟ್ಟಿಗಿವೆ. ಇಪ್ಪತ್ತೈದು ವರ್ಷ ಬಾಳುವ ಕಟ್ಟಡದ ಬೆಲೆಯನ್ನು ಈ ವರ್ಷದ ರೋಗಿಗಳ ತಲೆಗೆ ಹಂಚುವುದು ಸರಿಯಲ್ಲ. ಮೂರನೆಯದಾಗಿ ಕೆ.ಇ.ಎಂ., ಸಾಯನ್, ನಾಯರ್, ಕೂಪರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಪ್ರಾಧ್ಯಾಪಕರೊಬ್ಬರು ಬೆಳಗ್ಗೆ ಹೊರರೋಗಿಗಳನ್ನು ನೋಡಿ ಮಧ್ಯಾಹ್ನ ಪಾಠ ಹೇಳಿದರೆ ಅವರ ಸಂಬಳದಲ್ಲಿ ಚಿಕಿತ್ಸೆ ಎಷ್ಟು, ಶಿಕ್ಷಣ ಎಷ್ಟು? 2011ರ ಚೌಕಟ್ಟು ವೈದ್ಯರನ್ನು ತಯಾರಿಸುವ ಖರ್ಚನ್ನು ಚಾಲ್ತಿ ಆರೋಗ್ಯ ಸೇವೆಯ ವೆಚ್ಚದಲ್ಲಿ ಸೇರಿಸುವುದಿಲ್ಲ.

ನಾಲ್ಕನೆಯದು ಭಾಜಕದ ಸಮಸ್ಯೆ. ಡೊಂಬಿವಲಿ, ಥಾಣೆ, ಮೀರಾ ರೋಡ್, ನವಿ ಮುಂಬಯಿಗಳಲ್ಲಿ ವಾಸಿಸುವ ಕನ್ನಡಿಗರು ದೊಡ್ಡ ಕಾಯಿಲೆಗೆ ಸಾಯನ್ನಿಗೋ ಪರೇಲಿಗೋ ಬರುವುದು ಹೊಸ ವಿಷಯವಲ್ಲ. ಕಲಬುರಗಿ, ವಿಜಯಪುರಗಳಿಂದ ರಾತ್ರಿ ರೈಲು ಹತ್ತಿ ಬರುವವರೂ ಇದ್ದಾರೆ. ಅವರ ಚಿಕಿತ್ಸೆಯ ಖರ್ಚು ಮುಂಬಯಿಯ ತೆರಿಗೆದಾರರದು, ಆದರೆ 1.24 ಕೋಟಿಯ ಎಣಿಕೆಯಲ್ಲಿ ಅವರಿಲ್ಲ. ಅವರನ್ನು ಬರಬೇಡಿ ಎನ್ನುವುದು ನನ್ನ ವಾದವಲ್ಲ. ಅವರ ಊರಿನ ಪಾಲಿಕೆ ಅಥವಾ ರಾಜ್ಯ ಮಾಡಬೇಕಾಗಿದ್ದ ಖರ್ಚು ಅಲ್ಲಿ ಉಳಿದು ಇಲ್ಲಿ ಬೀಳುತ್ತದೆ ಎಂಬುದು ಎರಡೂ ಕಡೆಯ ಲೆಕ್ಕದಲ್ಲಿ ಕಾಣಿಸಬೇಕು, ಆಗ ಮಾತ್ರ ಅನುದಾನವನ್ನು ನ್ಯಾಯವಾಗಿ ಹಂಚಲು ಆಧಾರ ಸಿಗುತ್ತದೆ.

ವಾರ್ಡಿನ ಮಟ್ಟಕ್ಕೆ ಇಳಿದರೆ ಮಬ್ಬು ಇನ್ನೂ ದಟ್ಟವಾಗುತ್ತದೆ. ಧಾರಾವಿ ಇರುವುದು ಜಿ ನಾರ್ತ್ ವಾರ್ಡಿನಲ್ಲಿ. ಅದೇ ವಾರ್ಡಿನಲ್ಲಿ ಶಿವಾಜಿ ಪಾರ್ಕ್ ಇದೆ, ಮಾಹಿಮ್ ಇದೆ. ವಾರ್ಡಿನ ಸರಾಸರಿ ಎಂದರೆ ಈ ಎರಡು ಲೋಕಗಳ ಸರಾಸರಿ, ಅದು ಯಾವ ಮನೆಯ ನಿಜವೂ ಅಲ್ಲ. ಧಾರಾವಿಯ ಜನ ಹೆಚ್ಚಾಗಿ ಹೋಗುವ ಸಾಯನ್ ಆಸ್ಪತ್ರೆ ಪಕ್ಕದ ಎಫ್ ನಾರ್ತ್‌ನಲ್ಲಿದೆ, ಮತ್ತು ಅಂಥ ದೊಡ್ಡ ಆಸ್ಪತ್ರೆಗಳ ಹಣ ಯಾವ ವಾರ್ಡಿನ ಲೆಕ್ಕಕ್ಕೂ ಸೇರದೆ ಆಸ್ಪತ್ರೆಯ ಹೆಸರಿನಲ್ಲೇ ಇರುತ್ತದೆ. ಸೊಳ್ಳೆ ನಿಯಂತ್ರಣ ಕೀಟನಾಶಕ ಅಧಿಕಾರಿಯ ಕಡೆ, ಕುಡಿಯುವ ನೀರು ಮತ್ತು ಒಳಚರಂಡಿ 'ಜಿ' ಅಕ್ಷರದ ಪ್ರತ್ಯೇಕ ಬಜೆಟ್ಟಿನ ಕಡೆ. ಮಲೇರಿಯಾ, ಕಾಮಾಲೆಗಳನ್ನು ತಡೆಯುವಲ್ಲಿ ನಲ್ಲಿಯ ನೀರಿನ ಪಾತ್ರ, ಗಟಾರದ ಪಾತ್ರ ಔಷಧಕ್ಕಿಂತ ಕಡಿಮೆಯಲ್ಲ. ಲೆಕ್ಕದಲ್ಲಿ ಮಾತ್ರ ಅವು ಆರೋಗ್ಯವಲ್ಲ.

ರಾಜ್ಯದ ಬಜೆಟ್ಟಿನಲ್ಲಿ ಕೆಲಸ ಸ್ವಲ್ಪ ಸುಲಭ, ಏಕೆಂದರೆ ದೇಶದ ಎಲ್ಲ ರಾಜ್ಯಗಳಿಗೂ ಲೆಕ್ಕಶೀರ್ಷಿಕೆಯ ಸಂಖ್ಯೆಗಳು ಒಂದೇ: 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 2211 ಕುಟುಂಬ ಕಲ್ಯಾಣ, 4210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಬಂಡವಾಳ ವೆಚ್ಚ, 3604 ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಪರಿಹಾರ. ಬೆಂಗಳೂರಿನ ಬಜೆಟ್ ಪುಸ್ತಕವನ್ನು ಓದಿ ಬಲ್ಲವರು ಇದೇ ಸಂಖ್ಯೆಗಳನ್ನು ಹಿಡಿದು ಮಹಾರಾಷ್ಟ್ರದ ಪುಸ್ತಕವನ್ನೂ ಓದಬಹುದು. ಪಾಲಿಕೆಯ ಸಂಕೇತಗಳು ಇವಕ್ಕೆ ಹೊಂದುವುದಿಲ್ಲ. ಎರಡನ್ನೂ ಜೋಡಿಸುವ ಕೋಷ್ಟಕವನ್ನು ಓದುಗರೇ ಮಾಡಿಕೊಳ್ಳಬೇಕು. ಮಾಡಬೇಕಾದ ಸುಧಾರಣೆಗಳಲ್ಲಿ ನನ್ನ ಮಟ್ಟಿಗೆ ಇದೇ ಮೊದಲನೆಯದು: ಸಂಕೇತಗಳು ಒಂದಾಗದೆ ಎಷ್ಟು ತಂತ್ರಾಂಶ ತಂದರೂ ಹಣ ಪಾಲಿಕೆಯ ಗಡಿ ದಾಟಿದ ಕೂಡಲೇ ಕಣ್ಮರೆಯಾಗುತ್ತದೆ.

ದಾರಿಯ ನಡುವೆ ನಿಂತ ಹಣ

1990ರ ದಶಕದಲ್ಲಿ ಉಗಾಂಡಾ ದೇಶ ಪ್ರಾಥಮಿಕ ಶಿಕ್ಷಣಕ್ಕೆ ಹಣ ಹೆಚ್ಚಿಸಿದರೂ ಶಾಲೆಗಳಲ್ಲಿ ಬದಲಾವಣೆ ಕಾಣದಿದ್ದಾಗ, ರಾಜಧಾನಿಯ ಪುಸ್ತಕವನ್ನು ಬಿಟ್ಟು ಶಾಲೆಗಳಿಗೇ ಹೋಗಿ ಎಷ್ಟು ಬಂತೆಂದು ಕೇಳಿದರು. 1991ರಿಂದ 1995ರ ಅವಧಿಯಲ್ಲಿ ಸಂಬಳವನ್ನು ಬಿಟ್ಟು ಶಾಲೆಗಳಿಗೆ ಮೀಸಲಿದ್ದ ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆ ಮುಟ್ಟಿತ್ತು. ಆ ಬಳಿಕ ಜಿಲ್ಲೆಗೆ ಎಷ್ಟು ಬಿಡುಗಡೆಯಾಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸಿ, ಶಾಲೆಯ ಬಾಗಿಲಿಗೂ ಅಂಟಿಸತೊಡಗಿದರು. ಮುಟ್ಟುವ ಪಾಲು ಬಹಳ ಏರಿತು. ಆರೋಗ್ಯ ಕ್ಷೇತ್ರವೂ ಈ ವಿಧಾನವನ್ನು ಅಲ್ಲಿಂದ ಕಲಿತಿದೆ: ಕೊನೆಯ ಬಾಗಿಲಿನಿಂದ ಹಿಂದಕ್ಕೆ ಎಣಿಸು.

ನಮ್ಮಲ್ಲಿ ಹಣ ನಡುದಾರಿಯಲ್ಲಿ ನಿಲ್ಲುವುದಕ್ಕೆ ಸೋರಿಕೆಯೊಂದೇ ಕಾರಣವಲ್ಲ. ಹಲವು ಸಲ ಅದು ಬರುವುದೇ ವರ್ಷಾಂತ್ಯಕ್ಕೆ; ಖರೀದಿಯ ಟೆಂಡರಿಗೆ ತಿಂಗಳುಗಳು ಬೇಕು, ಮಾರ್ಚ್ 31 ಕಾಯುವುದಿಲ್ಲ. ಕೆಳಗಿನ ಘಟಕ ಬಳಕೆ ಪ್ರಮಾಣಪತ್ರ ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಆದ್ದರಿಂದ ಖರ್ಚಾಗದ ಮುಂಗಡವನ್ನೂ ಬಳಕೆಯಾಯಿತೆಂದು ತೋರಿಸುವ ಒತ್ತಡ ಹುಟ್ಟುತ್ತದೆ. 2021ರ ಜುಲೈನಿಂದ ಜಾರಿಗೆ ಬಂದ ಏಕ ನೋಡಲ್ ಖಾತೆಯ ಪದ್ಧತಿ ಇದನ್ನು ಸರಿಪಡಿಸುವ ಪ್ರಯತ್ನ: ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ಬ್ಯಾಂಕ್ ಖಾತೆ, ಕೆಳಗಿನವರಿಗೆ ಅದರಿಂದ ಖರ್ಚು ಮಾಡುವ ಮಿತಿ ಮಾತ್ರ. ಹಾಗಾಗಿ ಹತ್ತಾರು ಖಾತೆಗಳಲ್ಲಿ ಹಣ ಸುಮ್ಮನೆ ಮಲಗುವುದು ತಪ್ಪುತ್ತದೆ, ಯಾರು ಯಾವ ದಿನ ಎಷ್ಟು ಪಾವತಿಸಿದರೆಂದು ಮೇಲಿನವರಿಗೆ ಕಾಣುತ್ತದೆ. ಮೇಲಿನವರಿಗೆ ಕಾಣುವುದು ವಾರ್ಡಿನ ಜನರಿಗೂ ಕಾಣುವಂತಾಗಬೇಕು ಎಂಬ ಮುಂದಿನ ಹೆಜ್ಜೆ ಬಾಕಿಯಿದೆ.

ಹದಿನೈದನೆಯ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು, ಅದರಲ್ಲಿ 26,123 ಕೋಟಿ ನಗರಗಳಿಗೆ. ಆರೋಗ್ಯಕ್ಕೇ ಮೀಸಲಾದ ಇಷ್ಟು ದೊಡ್ಡ ಮೊತ್ತ ನೇರವಾಗಿ ಸ್ಥಳೀಯ ಸಂಸ್ಥೆಗಳ ಹೆಸರಿನಲ್ಲಿ ಬಂದದ್ದು ಗಮನಾರ್ಹ. ಆದರೆ ಹಣದ ಹೆಸರು ಸ್ಥಳೀಯವಾದ ಮಾತ್ರಕ್ಕೆ ನಿರ್ಧಾರ ಸ್ಥಳೀಯವಾಗುವುದಿಲ್ಲ. ಮುಂಬಯಿಯಲ್ಲಂತೂ ನಗರಸೇವಕರ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರ, ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, 2023-24, 2024-25, 2025-26ರ ಮೂರೂ ಬಜೆಟ್‌ಗಳು ಚುನಾಯಿತ ಸ್ಥಾಯಿ ಸಮಿತಿಯ ಚರ್ಚೆಯಿಲ್ಲದೆ ಆಡಳಿತಗಾರರ ಅಡಿಯಲ್ಲೇ ಮಂಜೂರಾದವು. ಪಾಲಿಕೆಯ ಮುಖ್ಯ ಲೆಕ್ಕಪರಿಶೋಧಕರ ವರದಿಯನ್ನು ಕೇಳಿ ಚರ್ಚಿಸಬೇಕಾದ ಸಭೆಯೇ ಇಲ್ಲದ ವರ್ಷಗಳವು. ದೇಶದ ಮಹಾಲೇಖಪಾಲರು (ಸಿಎಜಿ) ಪಾಲಿಕೆಯ ಸುಮಾರು 12,000 ಕೋಟಿಯ ಕಾಮಗಾರಿಗಳನ್ನು ಪರಿಶೀಲಿಸಿದ್ದು ರಾಜ್ಯ ಸರಕಾರ 2022ರಲ್ಲಿ ವಿಶೇಷವಾಗಿ ಕೋರಿದ ಮೇಲೆ.

ಇನ್ನೆರಡು ಚೀಲಗಳನ್ನು ಹೇಳದೆ ಬಿಡುವಂತಿಲ್ಲ. ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಡಿ ಪಾಲಿಕೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೆ ರಾಜ್ಯದ ಆ ಯೋಜನೆಯಿಂದ ಆಸ್ಪತ್ರೆಗೆ ಹಣ ಪಾವತಿಯಾಗುತ್ತದೆ. ಅದೇ ಶಸ್ತ್ರಚಿಕಿತ್ಸೆಗೆ ದುಡಿದ ವೈದ್ಯರ ಸಂಬಳವನ್ನು ಪಾಲಿಕೆ ಆಗಲೇ ಕೊಟ್ಟಿರುತ್ತದೆ. ಎರಡನ್ನೂ ಕೂಡಿಸಿದರೆ ಮತ್ತೆ ಕಾಲುವೆಯ ತಪ್ಪು. ಇನ್ನೊಂದು ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳದು. ಬಾಂಬೆ ಹೈಕೋರ್ಟು 2006ರಲ್ಲಿ ಅಂಗೀಕರಿಸಿದ ಯೋಜನೆಯಂತೆ ಅವು ಶೇ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇ 10ನ್ನು ಬಡವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಒಟ್ಟು ಬಿಲ್ಲಿನ ಶೇ 2ನ್ನು ಬಡರೋಗಿಗಳ ನಿಧಿಗೆ ಹಾಕಬೇಕು. ಈ ಹಣ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲ, ಆದರೂ ಸಾರ್ವಜನಿಕ ಉದ್ದೇಶಕ್ಕೆಂದೇ ಇರುವ ಹಣ. ಆ ಹಾಸಿಗೆಗಳಿವೆಯೆಂದು ತಿಳಿಯದೆ ಸಾಲ ಮಾಡಿದ ಕುಟುಂಬಗಳನ್ನು ನಾನು ಬಲ್ಲೆ.

ಯಾರೂ ಬರೆದಿಡದ ಖಾತೆ

ಎಲ್ಲ ಬೊಕ್ಕಸಗಳಲ್ಲಿ ಕಡಿಮೆ ದಾಖಲಾಗುವುದು ರೋಗಿಯ ಜೇಬು. ದೇಶದ ಮಟ್ಟದಲ್ಲಿ ಅದನ್ನು ಮನೆಮನೆ ಸಮೀಕ್ಷೆಗಳಿಂದ ಅಂದಾಜಿಸುತ್ತಾರೆ. ವಾರ್ಡಿನ ಮಟ್ಟದಲ್ಲಿ ಅದಕ್ಕೆ ಯಾವ ವ್ಯವಸ್ಥೆಯೂ ಇಲ್ಲ. ನಮ್ಮ ಆ ತಾಯಿ ಮಾತ್ರ ಲೆಕ್ಕ ಇಟ್ಟಿದ್ದರು. ಮಗಳ ಹಳೆಯ ಗಣಿತದ ನೋಟುಪುಸ್ತಕದ ಹಿಂಬದಿಯ ಪುಟಗಳಲ್ಲಿ, ಮಗಳ ಕೈಯಲ್ಲೇ ಬರೆಸಿದ್ದು: ತಾರೀಖು, ಬಸ್ಸು, ತತ್ತಿ, ಬಾಳೆಹಣ್ಣು, ಗಲ್ಲಿ ಡಾಕ್ಟರ್, ಹೊರಗೆ ತಗೊಂಡ ಟಾನಿಕ್, ಹೋಗದೆ ಇದ್ದ ಮನೆಗಳ ಪಗಾರ. ಬ್ಯಾಂಕಿಗೆ ಪೋಷಣೆಯ ಹಣ ಬಿದ್ದ ದಿನ ಬೇರೆ ಶಾಯಿಯಲ್ಲಿ, ಬಲಗಡೆ ಬರೆದಿತ್ತು. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ರೋಗ ಗೊತ್ತಾಗುವ ಮೊದಲಿನ ಐದಾರು ವಾರಗಳಲ್ಲಿ ಹೋದ ಹಣ, ಚಿಕಿತ್ಸೆ ಆರಂಭವಾದ ಮೇಲಿನ ತಿಂಗಳುಗಳಲ್ಲಿ ಹೋದದ್ದಕ್ಕಿಂತ ಹೆಚ್ಚಿತ್ತು. ಉಚಿತ ಚಿಕಿತ್ಸೆ ಎಂಬ ಮಾತು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಆ ಪುಟ ನನಗೆ ತೋರಿಸಿತು: ರೋಗಕ್ಕೆ ಹೆಸರು ಸಿಕ್ಕ ದಿನದಿಂದ. ಹೆಸರು ಸಿಗುವವರೆಗಿನ ಅಲೆದಾಟವನ್ನು ಯಾವ ಯೋಜನೆಯೂ ಎಣಿಸುವುದಿಲ್ಲ.

ನಮ್ಮ ಸಂಘಗಳು ಮುಂಬಯಿಯಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ, ಒಳ್ಳೆಯ ಕೆಲಸ. ಅಂಥ ಶಿಬಿರಕ್ಕೆ ಬಂದ ಐವತ್ತು ಮನೆಗಳಲ್ಲಿ ಇಂಥದೊಂದು ಪುಟವನ್ನು ಮೂರು ತಿಂಗಳು ಬರೆಸಿದರೆ, ಆ ಬಡಾವಣೆಯ ದವಾಖಾನೆಯಲ್ಲಿ ಯಾವ ಔಷಧ ಎಷ್ಟು ದಿನ ಇರಲಿಲ್ಲ ಎಂಬುದು ಯಾವ ಲೆಕ್ಕಪರಿಶೋಧಕರ ಸಹಾಯವೂ ಇಲ್ಲದೆ ತಿಳಿದುಬರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಮಾಹಿತಿ ಹಕ್ಕಿನ ಅರ್ಜಿ ಬರೆಯಬಹುದು. 2005ರ ಆ ಕಾಯಿದೆಯ 4ನೆಯ ಕಲಮಿನಂತೆ ಪ್ರತಿ ಸಾರ್ವಜನಿಕ ಸಂಸ್ಥೆ ತನ್ನ ಪ್ರತಿಯೊಂದು ಘಟಕಕ್ಕೆ ಹಂಚಿದ ಬಜೆಟ್ಟನ್ನೂ ವಿತರಣೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಅದನ್ನೇ ಮೊದಲು ಕೇಳಬಹುದು. ಮಹಾರಾಷ್ಟ್ರದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಆದ್ದರಿಂದ ಆರೋಗ್ಯಕ್ಕೆ ಎಷ್ಟು ಖರ್ಚಾಯಿತು ಎಂದು ಒಟ್ಟಾರೆ ಕೇಳಿದರೆ ಪ್ರಯೋಜನವಿಲ್ಲ. ಇಂಥ ದವಾಖಾನೆಗೆ, ಇಂಥ ಹಣಕಾಸು ವರ್ಷದಲ್ಲಿ, ಔಷಧ ಎಂಬ ಶೀರ್ಷಿಕೆಯಡಿ ಹಂಚಿದ್ದೆಷ್ಟು, ತಿದ್ದಿದ ಅಂದಾಜೆಷ್ಟು, ಮಾರ್ಚ್ 31ರವರೆಗೆ ಪಾವತಿಯಾದದ್ದೆಷ್ಟು, ಸರಕಾಗಿ ಬಂದ ಔಷಧಗಳ ದಾಸ್ತಾನು ಪುಸ್ತಕದ ನಕಲು: ಇಷ್ಟನ್ನು ಬರೆದು ವಾರ್ಡಿನ ಆರೋಗ್ಯಾಧಿಕಾರಿಯ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣಕ್ಕೆ ಎರಡನೆಯ ಅರ್ಜಿ, ನಗರದಲ್ಲಿ ಕ್ಷಯ ನಿಯಂತ್ರಣ ಕಾರ್ಯಕ್ರಮ ನಡೆಸುವ ಸೊಸೈಟಿಗೆ ಮೂರನೆಯದು. ವಿಷಯ ಬೇರೆ ಕಚೇರಿಯದಾದರೆ ಐದು ದಿನಗಳೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. ಹಾಗೆ ವರ್ಗಾಯಿಸಿದ ಪತ್ರವನ್ನು ಎಸೆಯದೆ ಇಟ್ಟುಕೊಳ್ಳಿ, ಆ ಹಣ ಯಾವ ಬೊಕ್ಕಸದ್ದೆಂದು ಅದರಲ್ಲಿ ಲಿಖಿತವಾಗಿ ಸಿಕ್ಕಿರುತ್ತದೆ.